ಅಕ್ವೇರಿಯಂ ಓವರ್‌ಫ್ಲೋ ವ್ಯವಸ್ಥೆ

ಅಕ್ವೇರಿಯಂ ಓವರ್‌ಫ್ಲೋ ವ್ಯವಸ್ಥೆ ಎಂದರೆ ಮೀನಿನ ದೊಡ್ಡ ಗಾಜಿನ ತೊಟ್ಟಿಯಲ್ಲಿ ನಿಗದಿತ ಮಟ್ಟವನ್ನು ಮೀರಿದ ನೀರನ್ನು ಮೇಲ್ಭಾಗದಿಂದಲೇ ಇಳಿಸಿ, ಕೆಳಗಿರುವ ಶೋಧಕ ತೊಟ್ಟಿಗೆ ಸಾಗಿಸುವ ಕೊಳವೆಗಳ ಜೋಡಣೆ. ಶುದ್ಧವಾದ ನೀರನ್ನು ಪಂಪು ಮತ್ತೆ ಮೇಲಕ್ಕೆ ಕಳುಹಿಸುತ್ತದೆ. ಕೆಳಗಿನ ತೊಟ್ಟಿಗೆ ಸಂಪ್ ಎಂದು ಹೆಸರು. ಕರ್ನಾಟಕದ ಮನೆಗಳಲ್ಲಿ ನೆಲದಡಿಯ ನೀರಿನ ತೊಟ್ಟಿಯನ್ನೂ ಹೀಗೆಯೇ ಕರೆಯುವುದುಂಟು. ಇಲ್ಲಿ ಅದು ಸಾಮಾನ್ಯವಾಗಿ ಅಕ್ವೇರಿಯಂನ ಸ್ಟ್ಯಾಂಡಿನೊಳಗೆ ಕೂರುವ ಗಾಜಿನ ಪೆಟ್ಟಿಗೆ.

ಈ ವ್ಯವಸ್ಥೆಯಲ್ಲಿ ನೀರು ಇಳಿಯುವುದು ಗುರುತ್ವದಿಂದ, ಏರುವುದು ವಿದ್ಯುತ್ತಿನಿಂದ. ಆದುದರಿಂದ ವಿದ್ಯುತ್ ಕಡಿತವಾದಾಗ ಏರುವ ನೀರು ಮಾತ್ರ ನಿಲ್ಲುತ್ತದೆ. ಇಳಿಯುವ ನೀರು ಇನ್ನೂ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಸಕಲೇಶಪುರ, ಆಲೂರು ತಾಲ್ಲೂಕುಗಳ ಮಲೆನಾಡಿನಲ್ಲಿ, ಎಡಕುಮೇರಿ ಸುತ್ತಲಿನ ಘಟ್ಟದಂಚಿನಲ್ಲಿ, ಮಳೆಗಾಲದ ಗಾಳಿಗೆ ಮರಗಳು ತಂತಿಯ ಮೇಲೆ ಉರುಳುವುದು ಅಪರೂಪವೇನಲ್ಲ. ಅಂತಹ ಕಡೆ ಕೊಳವೆಗಳ ಯೋಜನೆಯನ್ನು ಪಂಪು ನಡೆಯುತ್ತಿರುವ ಸ್ಥಿತಿಗಲ್ಲ, ನಿಲ್ಲುವ ಮತ್ತು ಮರಳಿ ಆರಂಭವಾಗುವ ಕ್ಷಣಗಳಿಗೆ ತಕ್ಕಂತೆ ರೂಪಿಸಬೇಕಾಗುತ್ತದೆ.

ಕೋಡಿಯ ತತ್ವ

ಕೆರೆಯ ಕೋಡಿಗೂ ಅಕ್ವೇರಿಯಂನ ಓವರ್‌ಫ್ಲೋ ಅಂಚಿಗೂ ಅನ್ವಯಿಸುವ ನಿಯಮ ಒಂದೇ. ಅಂಚು ಉದ್ದವಾದಷ್ಟೂ ಅದರ ಮೇಲೆ ಹರಿಯುವ ನೀರಿನ ಪದರ ತೆಳುವಾಗುತ್ತದೆ. ಗಂಟೆಗೆ 3000 ಲೀಟರ್ ನೀರು 30 ಸೆಂ.ಮೀ. ಉದ್ದದ ಅಂಚನ್ನು ದಾಟುವಾಗ ಪದರದ ಎತ್ತರ ಸುಮಾರು 1.3 ಸೆಂ.ಮೀ.; ಅಂಚು 60 ಸೆಂ.ಮೀ. ಇದ್ದರೆ ಸುಮಾರು 0.8 ಸೆಂ.ಮೀ. ಮೀನುಗಳು ಕೆಳಗಿಳಿಯದಂತೆ ಅಂಚಿಗೆ ಬಾಚಣಿಗೆಯಂತಹ ಹಲ್ಲುಗಳನ್ನು ಕೂರಿಸಿದಾಗ ನೀರಿಗೆ ಸಿಗುವ ಉದ್ದ ಕಡಿಮೆಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೆಳುವಾದ ಪದರ ಮೇಲ್ಮೈಯ ಜಿಡ್ಡನ್ನು ಚೆನ್ನಾಗಿ ಸೆಳೆಯುತ್ತದೆ, ಪಂಪು ನಿಂತಾಗ ಕೆಳಗಿಳಿಯುವ ನೀರನ್ನೂ ತಗ್ಗಿಸುತ್ತದೆ.

ಕೊಳವೆಗಳ ವಿಧಗಳು

ಗಾಳಿಯ ಸಣ್ಣ ರಂಧ್ರವುಳ್ಳ ಒಂದೇ ಕೊಳವೆಯ ಡರ್ಸೊ ವಿಧಾನ ಸರಳ. ಆದರೆ ಎಲೆಯೊಂದು ಸಿಕ್ಕಿಕೊಂಡರೆ ನೀರಿಗೆ ಬೇರೆ ದಾರಿಯಿಲ್ಲ. ಹರ್ಬಿ ವಿಧಾನದಲ್ಲಿ ಎರಡು ಕೊಳವೆಗಳಿವೆ: ಒಂದು ಪೂರ್ತಿ ತುಂಬಿ ಸೈಫನ್ ಆಗಿ ಹರಿಯುತ್ತದೆ, ಇನ್ನೊಂದು ತುರ್ತಿಗೆಂದು ಮೀಸಲು. ಬೀನ್‌ಅನಿಮಲ್ ವಿಧಾನದಲ್ಲಿ ಮೂರು. ಮೊದಲನೆಯದು ಸೈಫನ್, ಅದರ ಹರಿವನ್ನು ಗೇಟ್ ವಾಲ್ವ್‌ನಿಂದ ಹೊಂದಿಸಲಾಗುತ್ತದೆ. ಎರಡನೆಯದು ಉಳಿದ ಅಲ್ಪ ನೀರನ್ನು ಸದ್ದಿಲ್ಲದೆ ಇಳಿಸುತ್ತದೆ. ಮೂರನೆಯದರ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದು ಸದಾ ಒಣಗಿರುತ್ತದೆ. ತುರ್ತು ಕೊಳವೆಗೆ ಎಂದೂ ವಾಲ್ವ್ ಇರಕೂಡದು.

ಸೈಫನ್ ಕೊಳವೆಯ ತುದಿ ಸಂಪ್‌ನ ನೀರಿನಲ್ಲಿ ಒಂದಿಂಚಿಗಿಂತ ಹೆಚ್ಚು ಮುಳುಗಿದ್ದರೆ, ವಿದ್ಯುತ್ ಮರಳಿದಾಗ ಒಳಗಿನ ಗಾಳಿ ಹೊರಬೀಳಲು ತಡವಾಗುತ್ತದೆ. ಗಾಜನ್ನು ಕೊರೆಯದೆ ತೊಟ್ಟಿಯ ಅಂಚಿಗೆ ತೂಗುಹಾಕುವ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಬಾಗಿದ ಕೊಳವೆಯಲ್ಲಿ ಗಾಳಿ ಸೇರಿದರೆ ಇಳಿಯುವ ನೀರು ನಿಂತುಹೋಗುತ್ತದೆ, ಪಂಪು ಮಾತ್ರ ಮೇಲೆತ್ತುತ್ತಲೇ ಇರುತ್ತದೆ. ಪದೇ ಪದೇ ವಿದ್ಯುತ್ ಹೋಗುವ ಕಡೆ ಇವು ನಂಬಿಕೆಗೆ ಅರ್ಹವಲ್ಲ. ಕೊರೆಯುವುದಾದರೆ ಸಾಮಾನ್ಯ ಗಾಜನ್ನಷ್ಟೇ ಕೊರೆಯಲು ಸಾಧ್ಯ. ಟಫನ್ಡ್ ಗಾಜು ಕೊರೆದೊಡನೆ ಚೂರುಚೂರಾಗುತ್ತದೆ.

ವಿದ್ಯುತ್ ನಿಂತಾಗಿನ ಲೆಕ್ಕ

6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಸುಮಾರು 680 ಲೀಟರ್ ಹಿಡಿಯುತ್ತದೆ. ಇದರಲ್ಲಿ ನೀರಿನ ಮಟ್ಟ 1 ಸೆಂ.ಮೀ. ಇಳಿಯಿತೆಂದರೆ ಸುಮಾರು 11 ಲೀಟರ್ ಕೆಳಗೆ ಬಂದಂತೆ. ಪಂಪು ನಿಂತಾಗ ನೀರನ್ನು ಮೇಲಕ್ಕೆ ತರುತ್ತಿದ್ದ ಕೊಳವೆಯೇ ಸೈಫನ್ ಆಗಿ ಹಿಮ್ಮುಖವಾಗಿ ಹರಿಯತೊಡಗುತ್ತದೆ. ಅದರ ಬಾಯಿಗೆ ಗಾಳಿ ತಾಕುವವರೆಗೂ ಇದು ನಿಲ್ಲದು. ಬಾಯಿ 3 ಸೆಂ.ಮೀ. ಆಳದಲ್ಲಿದ್ದರೆ 33 ಲೀಟರ್, 10 ಸೆಂ.ಮೀ. ಆಳದಲ್ಲಿದ್ದರೆ 111 ಲೀಟರ್ ಇಳಿಯುತ್ತದೆ. ಕೊಳವೆಗಳಲ್ಲಿ ಮತ್ತು ಓವರ್‌ಫ್ಲೋ ಪೆಟ್ಟಿಗೆಯಲ್ಲಿ ಉಳಿದ ನೀರು ಇದಕ್ಕೆ ಸೇರುತ್ತದೆ.

ಕೆಳಗಿರುವ ಸಂಪ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, 45 ಸೆಂ.ಮೀ. ಎತ್ತರವಿದ್ದು, ಪಂಪು ನಡೆಯುವಾಗ 25 ಸೆಂ.ಮೀ. ತುಂಬಿರುತ್ತದೆ ಎಂದಿಟ್ಟುಕೊಂಡರೆ ಖಾಲಿ ಉಳಿಯುವ ಜಾಗ ಸುಮಾರು 84 ಲೀಟರ್. ಮೊದಲ ಸಂದರ್ಭದಲ್ಲಿ ನೆಲ ಒಣಗಿರುತ್ತದೆ. ಎರಡನೆಯದರಲ್ಲಿ ಎರಡು ಬಿಂದಿಗೆಗೂ ಮಿಕ್ಕಿದ ನೀರು ಹಾಲಿನ ನೆಲದ ಮೇಲಿರುತ್ತದೆ, ಅದೂ ಹೆಚ್ಚಾಗಿ ಮನೆಮಂದಿ ಮಲಗಿರುವ ಹೊತ್ತಿನಲ್ಲಿ. ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್‌ನಲ್ಲಿ ಪಾಚಿ, ಕಸ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ. ಗಾಳಿ ಒಳಬರಲೆಂದು ಕೊರೆದ ಸಣ್ಣ ರಂಧ್ರವೂ ಪಾಚಿಯಿಂದ ಮುಚ್ಚಿಹೋಗಬಹುದು. ಕೊಳವೆಯ ಬಾಯಿಯನ್ನೇ ಮೇಲ್ಮೈಗೆ ಹತ್ತಿರವಿಡುವುದು ಇವೆರಡಕ್ಕಿಂತ ಖಚಿತವಾದ ಉಪಾಯ.

ಇಳಿಯುವ ದಾರಿ ಕಟ್ಟಿಕೊಂಡಾಗ ಅಪಾಯ ತಿರುವುಮುರುವಾಗುತ್ತದೆ. ಓವರ್‌ಫ್ಲೋ ಅಂಚು ತೊಟ್ಟಿಯ ಬಾಯಿಗಿಂತ 5 ಸೆಂ.ಮೀ. ಕೆಳಗಿದ್ದು, ನೀರಿನ ಪದರ 1.3 ಸೆಂ.ಮೀ. ಇದ್ದರೆ ಮೇಲಿನ ತೊಟ್ಟಿ ಇನ್ನು ಸುಮಾರು 41 ಲೀಟರ್ ಮಾತ್ರ ತಡೆಯಬಲ್ಲದು. ಸಂಪ್‌ನಲ್ಲಿ ಪಂಪು ಕೂರುವ ಕೋಣೆಯನ್ನು ಬೇರ್ಪಡಿಸಿ, ಅದರ ನೀರು ಈ ಪ್ರಮಾಣವನ್ನು ಮೀರದಂತೆ ಮಾಡಿದರೆ ತೊಟ್ಟಿ ಉಕ್ಕುವ ಮುನ್ನವೇ ಪಂಪಿಗೆ ನೀರು ಮುಗಿಯುತ್ತದೆ.

ಪರೀಕ್ಷೆ

ಮೀನು ಬಿಡುವ ಮೊದಲು ಪಂಪು ನಡೆಸಿ, ಸಂಪ್‌ನ ಹೊರಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆಯಲಾಗುತ್ತದೆ. ನಂತರ ಸ್ವಿಚ್ ಆರಿಸಿ, ಇಳಿಯುವ ನೀರೆಲ್ಲ ನಿಂತ ಮೇಲೆ ಎರಡನೆಯ ಗೆರೆ. ಮತ್ತೆ ಪಂಪು ಹಚ್ಚಿದಾಗ ಸೈಫನ್ ತಾನಾಗಿ ಹಿಡಿಯುತ್ತದೆಯೇ ಎಂಬುದನ್ನು ಹಲವು ಸಲ ನೋಡಬೇಕು. ಕೊನೆಗೆ ಸೈಫನ್ ಕೊಳವೆಯ ಬಾಯಿಯನ್ನು ಕೈಯಿಂದ ಮುಚ್ಚಿ, ತುರ್ತು ಕೊಳವೆಯೊಂದೇ ಪೂರ್ತಿ ಹರಿವನ್ನು ತಾಳುತ್ತದೆಯೇ ಎಂದು ಪರೀಕ್ಷಿಸಲಾಗುತ್ತದೆ. ಆವಿಯಾದ ನೀರಿಗೆ ಬದಲಾಗಿ ನಿತ್ಯ ಸುರಿಯುವ ನೀರು, ಪಂಪು ನಡೆಯುತ್ತಿರುವಾಗ, ಮೊದಲ ಗೆರೆಯನ್ನು ದಾಟಬಾರದು.