ಮಾಘದ ಬಿಸಿಲು, ನೆರೆಮನೆಯ ಏಣಿ

ಆರು ಋತುಗಳ ಪಂಕ್ತಿಯಲ್ಲಿ ಶಿಶಿರಕ್ಕೆ ಹಾಕಿರುವ ಮಣೆ ಕೊನೆಯದು. ವಸಂತಕ್ಕೆ ಕೋಗಿಲೆಯಿದೆ, ವರ್ಷಕ್ಕೆ ನವಿಲಿದೆ, ಶರತ್ತಿಗೆ ಬೆಳದಿಂಗಳಿದೆ. ಶಿಶಿರಕ್ಕೆ ಉಳಿದಿರುವುದು ಉದುರಿದ ಎಲೆ ಮತ್ತು ಒಡೆದ ತುಟಿ. ಕಾವ್ಯದಲ್ಲಿ ಇಷ್ಟು ಬಡವಾದ ಈ ಋತುವು ಗೃಹಕೃತ್ಯದಲ್ಲಿ ಮಾತ್ರ ಬಹು ಶ್ರೀಮಂತವಾದುದು. ಸಂಕ್ರಾಂತಿಯ ಎಳ್ಳು ಬೀರಿ ಮುಗಿದ ಮರುದಿನದಿಂದ ಯುಗಾದಿಯ ಬೇವು ಬೆಲ್ಲದವರೆಗೆ ಮಧ್ಯಮವರ್ಗದ ಸಂಸಾರವೊಂದು ಕೈಹಚ್ಚುವ ಕೆಲಸಗಳನ್ನು ಪಟ್ಟಿ ಮಾಡಿದರೆ ದಿನಸಿ ಅಂಗಡಿಯ ಚೀಟಿಗಿಂತ ಅದು ಉದ್ದವಾದೀತು. ಹುಣಸೆಹಣ್ಣು ಬಿಡಿಸಬೇಕು, ಸಂಡಿಗೆ ಇಡಬೇಕು, ಹಾಸಿಗೆಯ ಹತ್ತಿ ಹಿಂಜಿಸಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ನೀರಿನ ತೊಟ್ಟಿ ತೊಳೆಯಬೇಕು. ಇವೆಲ್ಲದರ ನಡುವೆ ಮಕ್ಕಳ ಪರೀಕ್ಷೆ ಹತ್ತಿರ ಬರುತ್ತದೆ. ಸಂಬಳದಾರನಿಗಂತೂ ಫೆಬ್ರುವರಿಯ ವೇತನವು ವರಮಾನ ತೆರಿಗೆಯ ಕತ್ತರಿಗೆ ಸಿಕ್ಕಿ, ಚಳಿಗೆ ಮುದುಡಿದ ಮುದುಕನಂತೆ ಕೈಗೆ ಬಂದು ಸೇರುತ್ತದೆ.

ಈ ಕೆಲಸಗಳನ್ನು ಕುರಿತು ನಾಲ್ಕು ಮಾತು ಬರೆಯಲು ಕಾರಣವಿದೆ. ಇವುಗಳಲ್ಲಿ ಬಹುಪಾಲು ಒಬ್ಬರಿಂದ ಆಗತಕ್ಕವಲ್ಲ. ಇನ್ನೊಬ್ಬರ ಕೈ ಬೇಕು, ಇಲ್ಲವೆ ಇನ್ನೊಬ್ಬರ ಮನೆಯ ಸಾಮಾನು ಬೇಕು. ನಮ್ಮ ನಗರಗಳಲ್ಲಿ ನೆರೆಹೊರೆಯೆಂಬುದು ಬೆಳೆದುಬಂದದ್ದು ಬಹುಮಟ್ಟಿಗೆ ಈ ‘ಬೇಕು’ಗಳಿಂದಲೇ ಎಂಬುದು ನನ್ನ ಎಣಿಕೆ.

ಬಿಸಿಲಿನ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು. ಎತ್ತರದ ನೆಲ, ಮೋಡವಿಲ್ಲದ ಆಕಾಶ, ಒಣಗಾಳಿ ಈ ಮೂರೂ ಕೂಡಿದಾಗ ಹಗಲಿನ ಶಾಖವು ರಾತ್ರಿ ಬೇಗನೆ ಬಿಟ್ಟುಹೋಗುತ್ತದೆ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ಅಂಥ ಚಳಿ ಈಗ ಕಥೆಯಾಗಿದ್ದರೂ ಮಾಘದ ಬೆಳಗು ಇಂದಿಗೂ ಶಾಲು ಬೇಡುತ್ತದೆ, ಮಾಘದ ಮಧ್ಯಾಹ್ನ ಇಂದಿಗೂ ನೆರಳು ಹುಡುಕಿಸುತ್ತದೆ. ರಥಸಪ್ತಮಿಯಂದು ಸೂರ್ಯನು ತನ್ನ ರಥವನ್ನು ತಿರುಗಿಸುತ್ತಾನೆಂದೂ, ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎಂದು ಓಡಿಹೋಗುತ್ತದೆಂದೂ ಹಿರಿಯರು ಹೇಳುವುದುಂಟು.

ಗೃಹಿಣಿಗೆ ಬೇಕಾದುದು ಈ ಎರಡು ಹಬ್ಬಗಳ ಆಚೀಚೆಯ ದಿನಗಳು. ಬೆಂಗಳೂರಿನಲ್ಲಿ ಫೆಬ್ರುವರಿಯ ಸರಾಸರಿ ಮಳೆ 10 ಮಿಲಿಮೀಟರಿಗೂ ಕಡಮೆ. ಸೆಪ್ಟೆಂಬರಿನಲ್ಲಿ ಅದು 200ರ ಆಸುಪಾಸು. ಸಂಡಿಗೆ ಒಣಗಲು ಉರಿಬಿಸಿಲಿಗಿಂತ ಒಣಗಾಳಿಯೇ ಮುಖ್ಯ. ಏಪ್ರಿಲ್ ಬಂತೆಂದರೆ ಬಿಸಿಲೇನೋ ಹೆಚ್ಚುತ್ತದೆ; ಅದರ ಜೊತೆಗೆ ಗಾಳಿ, ಧೂಳು, ಹೇಳದೆ ಕೇಳದೆ ಸುರಿಯುವ ಮಾವಿನ ಮಳೆ ಇವೂ ಬರುತ್ತವೆ. ಆದುದರಿಂದಲೇ ಅಕ್ಕಿ ಸಂಡಿಗೆ, ಬೂದುಗುಂಬಳದ ಅರಳು ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ ಇವೆಲ್ಲವೂ ಬೇಸಗೆಗೆ ಮೊದಲೇ ಡಬ್ಬಿ ಸೇರಬೇಕು. ಹವಾಮಾನ ಇಲಾಖೆ ಅಂಕಿಅಂಶಗಳನ್ನು ಬರೆದಿಡಲು ತೊಡಗುವ ಮೊದಲೇ ನಮ್ಮ ಅಜ್ಜಿಯರು ಇದನ್ನು ತಾರಸಿಯ ಮೇಲೆ ನಿಂತು ಕಂಡುಕೊಂಡಿದ್ದರು.

ಸುಣ್ಣಕ್ಕೂ ಇದೇ ಕಾಲ ಯೋಗ್ಯವಾದುದು. ನೀರಿನಲ್ಲಿ ಅರಳಿಸಿದ ಸುಣ್ಣವನ್ನು ತೇವದ ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಈ ಕ್ರಿಯೆಗೆ ಹೊತ್ತು ಬೇಕು, ಒಂದಿಷ್ಟು ತೇವವೂ ಬೇಕು. ಮೇ ತಿಂಗಳ ಬಿಸಿಲಿಗೆ ಬಳಿದರೆ ಬೇಗನೆ ಒಣಗಿ ಪುಡಿಪುಡಿಯಾಗಿ ಅಂಗಿಗೆ ಹತ್ತುತ್ತದೆ. ಮಳೆಗಾಲದಲ್ಲಿ ಬಳಿದರೆ ಒಣಗುವುದೇ ಇಲ್ಲ. ಯುಗಾದಿಗೆ ಮುನ್ನ ಸುಣ್ಣ ಹೊಡೆಯುವ ರೂಢಿಯ ಹಿಂದೆ ಹಬ್ಬದ ಸಡಗರದಷ್ಟೇ ಈ ವಿವೇಕವೂ ಇದೆ.

ಜಾಡಿ, ಗಿರಣಿ, ಅಂಗಡಿ

ಮನೆಯೊಳಗಿನ ಕೆಲಸವೊಂದಾದರೆ ಅದಕ್ಕಾಗಿ ಹೊರಗೆ ಅಲೆಯುವುದು ನಾಲ್ಕು. ಹೊಸ ಹುಣಸೆ ಪೇಟೆಗೆ ಬರುವುದು ಈ ದಿನಗಳಲ್ಲೇ. ಕೊಂಡು ತಂದ ಹಣ್ಣನ್ನು ಬಿಸಿಲಿಗೆ ಹರಡಿ, ನಾರು ತೆಗೆದು, ಬೀಜ ಬಿಡಿಸಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಜಾಡಿಗೆ ತುಂಬಿದರೆ ವರ್ಷದ ಸಾರಿಗೆ ಚಿಂತೆಯಿಲ್ಲ. ಬೀಜಗಳು ಮಕ್ಕಳ ಅಳಗುಳಿ ಮಣೆಗೆ ಸಲ್ಲುತ್ತವೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಚೀಲಗಳು ಬೆಟ್ಟದಂತೆ ಬೀಳುವುದೂ ಇದೇ ಕಾಲದಲ್ಲಿ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದನ್ನು ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯಗಳೊಡನೆ ಹುರಿದು ಗಿರಣಿಗೆ ಒಯ್ಯುವುದು ಸಾಮಾನ್ಯವಾಗಿ ಗಂಡಸರ ಪಾಲಿನ ಕಾಯಕ.

ಹಿಟ್ಟಿನ ಗಿರಣಿಯಲ್ಲಿ ಕಾಯುವ ಅರ್ಧ ಗಂಟೆಯಲ್ಲಿ ಬಡಾವಣೆಯ ಸಕಲ ವರ್ತಮಾನವೂ ತಿಳಿಯುತ್ತದೆ. ಯಾರ ಮಗಳಿಗೆ ವರ ನಿಶ್ಚಯವಾಯಿತು, ಯಾರ ಮನೆಯನ್ನು ಕೆಡವಿ ಮಹಡಿ ಕಟ್ಟುತ್ತಾರೆ, ಯಾರಿಗೆ ಕಣ್ಣಿನ ಪೊರೆ ತೆಗೆಸಿದರು ಎಂಬುದೆಲ್ಲವೂ ರಾಗಿಹಿಟ್ಟಿನ ಹೊಗೆಯ ನಡುವೆ ಕೈಯಿಂದ ಕೈಗೆ ದಾಟುತ್ತದೆ. ಅಲ್ಲಿಂದ ಗಾಂಧಿಬಜಾರಿನ ಗ್ರಂಥಿಗೆ ಅಂಗಡಿಗೆ ಹೋಗಿ ನೀಲಿ, ಇಂಗು, ಅಂಟುವಾಳ ಕೊಂಡು, ದಾರಿಯಲ್ಲಿ ಅವರೆಕಾಯಿಯ ಸೊಗಡಿಗೆ ಮನಸೋತು ಎರಡು ಕಿಲೋ ಹೆಚ್ಚಾಗಿಯೇ ತಂದರೆ ಸಂಜೆ ಮತ್ತೆ ನೆರೆಯವರ ಸಹಾಯ ಬೇಕಾಗುತ್ತದೆ. ಹಿತಕಿದ ಬೇಳೆಯ ಹುಳಿ ಉಣ್ಣಲು ಹತ್ತು ನಿಮಿಷ ಸಾಕು. ಕಾಳು ಬಿಡಿಸಿ, ನೆನೆಸಿ, ಒಂದೊಂದನ್ನೇ ಹಿತುಕಿ ಸಿಪ್ಪೆ ಕಳೆಯಲು ನಾಲ್ಕು ಜನ ಮೊರದ ಸುತ್ತ ಕುಳಿತುಕೊಳ್ಳಬೇಕು. ಕೈಗೆ ಕೆಲಸವಿದ್ದು ಬಾಯಿಗೆ ಬಿಡುವಿರುವ ಅಂಥ ಹೊತ್ತಿನಲ್ಲಿ, ಎದುರುಬದುರು ಕುಳಿತು ಆಡಲಾಗದ ಮಾತುಗಳೂ ಸಲೀಸಾಗಿ ಹೊರಬರುತ್ತವೆ.

ಕೇಳಿ ತರುವ ಸಾಮಾನು

ನಾನು ಬೆಳೆದ ಹನುಮಂತನಗರದ ಬೀದಿಯಲ್ಲಿ 1990ರ ದಶಕದಲ್ಲಿ ಇಪ್ಪತ್ತು ಮನೆಗಳಿಗೆ ಇದ್ದುದು ಒಂದೇ ಏಣಿ. ಹನ್ನೆರಡು ಮೆಟ್ಟಿಲಿನ ಬಿದಿರಿನ ಆ ಏಣಿಯ ಒಡೆಯರು ಪ್ರೌಢಶಾಲೆಯ ಉಪಾಧ್ಯಾಯರೊಬ್ಬರು. ಸಂಕ್ರಾಂತಿ ಕಳೆಯಿತೆಂದರೆ ಅದು ಮನೆಯಿಂದ ಮನೆಗೆ ಸಂಚಾರ ಹೊರಡುತ್ತಿತ್ತು. “ಮೇಷ್ಟ್ರೇ, ನಾಳೆ ಏಣಿ ಬೇಕಾಗಿತ್ತಲ್ಲ” ಎಂದು ಹಿಂದಿನ ದಿನವೇ ಹೇಳಿಡಬೇಕು. ಹಿಂದಿರುಗಿಸಲು ಹೋದವರು ಕಾಫಿ ಕುಡಿಯದೆ ಬರುವ ಪದ್ಧತಿಯಿರಲಿಲ್ಲ. ಒಂದು ಮೆಟ್ಟಿಲು ಸಡಿಲವಾದರೆ, ಅದು ಯಾರ ಮನೆಯಲ್ಲಿದ್ದಾಗ ಸಡಿಲವಾಯಿತೋ ಅವರೇ ಹುರಿ ಕಟ್ಟಿ ಕೊಡಬೇಕೆಂಬುದು ಬರೆಯದ ಕಾನೂನಾಗಿತ್ತು.

ಕಾಲಕ್ರಮದಲ್ಲಿ ಮೇಷ್ಟ್ರು ನಿವೃತ್ತರಾದರು. ಅವರ ಪತ್ನಿ ತೀರಿಕೊಂಡರು. ಮಗ ದೂರದ ಊರಿನಲ್ಲಿ ನೆಲಸಿದನು. ಬೀದಿಯ ಅರ್ಧ ಮನೆಗಳು ಬಹುಮಹಡಿಗಳಾದವು. ಬಣ್ಣ ಬಳಿಯುವ ಗುತ್ತಿಗೆದಾರರು ತಮ್ಮ ಅಲ್ಯೂಮಿನಿಯಂ ಏಣಿಗಳನ್ನು ತಾವೇ ತರತೊಡಗಿದರು. ಆದರೂ ಉಳಿದ ಹಳೆಯ ಮನೆಗಳವರು ಮಾಘಮಾಸದಲ್ಲಿ ಮೇಷ್ಟ್ರ ಬಾಗಿಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ.

2019ರ ಫೆಬ್ರುವರಿಯ ಒಂದು ಬೆಳಗ್ಗೆ ಎದುರುಮನೆಯ ಕಾಲೇಜು ಹುಡುಗನೊಬ್ಬನು ಏಣಿಯನ್ನು ಹಿಂದಿರುಗಿಸಲು ಹೋದನು. ಪತ್ರಿಕೆ ಮೆಟ್ಟಿಲ ಮೇಲೆಯೇ ಬಿದ್ದಿತ್ತು, ಹಾಲಿನ ಪೊಟ್ಟಣವೂ ಅಲ್ಲಿಯೇ ಇತ್ತು. ಕರೆದರೆ ಉತ್ತರವಿಲ್ಲ. ಹುಡುಗನು ಆ ಏಣಿಯನ್ನೇ ಹಿತ್ತಲ ಗೋಡೆಗೆ ಒರಗಿಸಿ ಒಳಗಿಳಿದು ನೋಡಿದಾಗ, ಮೇಷ್ಟ್ರು ರಾತ್ರಿಯೇ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಏಳಲಾರದೆ, ಕೂಗಲು ಸ್ವರವಿಲ್ಲದೆ ತಣ್ಣನೆಯ ನೆಲದ ಮೇಲೆ ಮಲಗಿದ್ದರು. ಶಸ್ತ್ರಚಿಕಿತ್ಸೆಯಾಯಿತು, ಪ್ರಾಣ ಉಳಿಯಿತು. ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡರು.

ಅವರ ಮಗನು ಬಂದಾಗ ಮನೆಯನ್ನು ಒಪ್ಪ ಮಾಡುತ್ತ, ಹುಳು ಹಿಡಿಯತೊಡಗಿದ್ದ ಏಣಿಯನ್ನು ಸೌದೆಗೆ ಹಾಕಿಬಿಡೋಣವೆಂದನಂತೆ. ಮೇಷ್ಟ್ರು ಒಪ್ಪಲಿಲ್ಲ. “ಅದು ಹೋದರೆ ಈ ಬಾಗಿಲಿಗೆ ಕೇಳಿಕೊಂಡು ಬರುವವರು ಯಾರಪ್ಪ?” ಎಂದರಂತೆ. ನಾನು ನೋಡಲು ಹೋದಾಗ ಏಣಿಯು ಬೇವಿನೆಣ್ಣೆ ಕುಡಿದು ಜಗಲಿಯ ಗೋಡೆಗೆ ಒರಗಿತ್ತು.

ಹಳೆಯದೆಲ್ಲವೂ ಚಿನ್ನವೆ?

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ನೆರೆಹೊರೆಯಲ್ಲಿ ಕುಂದಿರಲಿಲ್ಲವೆಂದು ವಾಚಕರು ಭಾವಿಸಬಾರದು. ಏಣಿ ಎಲ್ಲರ ಮನೆಗೂ ಹೋಗುತ್ತಿದ್ದಿರಬಹುದು. ಸಂಡಿಗೆಯ ಹಿಟ್ಟಿನ ಪಾತ್ರೆಯ ಬಳಿಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಮಡಿಯ ಹೆಸರಿನಲ್ಲಿ ಪಕ್ಕದ ಮನೆಯವರನ್ನು ತಾರಸಿಯ ಮೆಟ್ಟಿಲಲ್ಲಿಯೇ ನಿಲ್ಲಿಸುತ್ತಿದ್ದ ಮನೆಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ನಾಲ್ಕು ಮನೆಯವರು ಸೇರಿ ಮಾಡಿದರೆಂದು ನಾವು ನೆನೆದು ಸಂತೋಷಪಡುವ ಕೆಲಸಗಳಲ್ಲಿ, ನಸುಕಿನಲ್ಲೆದ್ದು ಹಿಟ್ಟು ಕಾಸಿ, ಬಗ್ಗಿದ ಬೆನ್ನು ಎತ್ತದೆ ದುಡಿದವರು ಹೆಂಗಸರೇ. ಗಂಡಸರ ಪಾಲಿಗೆ ಬಂದುದು ಹೆಚ್ಚಿನ ಪಕ್ಷ ಕಾಗೆ ಓಡಿಸುವ ಕೆಲಸ. ಅದನ್ನೂ ಕಪ್ಪು ಕೊಡೆಯೊಂದನ್ನು ಬಿಡಿಸಿಟ್ಟು ತಪ್ಪಿಸಿಕೊಳ್ಳುವ ಉಪಾಯ ಅವರಿಗೆ ಗೊತ್ತಿತ್ತು. ಇಂದು ಹಪ್ಪಳ ಸಂಡಿಗೆ ಅಂಗಡಿಯಲ್ಲಿ ದೊರೆಯುತ್ತವೆ. ನಲ್ಲಿ ರಿಪೇರಿಯವನು ಫೋನಿನಲ್ಲಿ ಕರೆದ ಗಳಿಗೆಗೆ ಬರುತ್ತಾನೆ. ಮನೆಯ ಒಳಗೂ ಹೊರಗೂ ದುಡಿಯುವ ಹೆಣ್ಣುಮಗಳಿಗೆ ಇದರಿಂದಾದ ಬಿಡುಗಡೆ ಸಣ್ಣದಲ್ಲ. ಅದನ್ನು ಹಳಿಯುವುದು ಅನ್ಯಾಯ.

ಆದರೆ ಹಣ ತೆತ್ತು ಮಾಡಿಸಿಕೊಂಡ ಕೆಲಸ ಹಣದೊಂದಿಗೆ ಮುಗಿದುಹೋಗುತ್ತದೆ. ಕೇಳಿ ತಂದ ವಸ್ತುವಿಗೆ ಹಿಂದಿರುಗಿಸುವ ಹೊಣೆ ಉಳಿಯುತ್ತದೆ, ಆ ಹೊಣೆಯು ನಮ್ಮನ್ನು ಮತ್ತೊಮ್ಮೆ ಆ ಬಾಗಿಲಿಗೆ ಕರೆದೊಯ್ಯುತ್ತದೆ. ಒಂಟಿಯಾಗಿರುವ ವೃದ್ಧರ ಪಾಲಿಗೆ ಆ ‘ಮತ್ತೊಮ್ಮೆ’ಯ ಬೆಲೆ ಎಷ್ಟೆಂಬುದನ್ನು ನಮ್ಮ ಬೀದಿ ಕಂಡಿದೆ.

ಈ ವರ್ಷ ಮಾಡಬಹುದಾದುದು

ಹಾಗಾದರೆ ಎಲ್ಲರೂ ಮತ್ತೆ ಒರಳು ಒನಕೆ ಹಿಡಿಯಬೇಕೆ? ಬೇಡ. ಚಳಿ ಬಿಡುವ ಮುನ್ನ ಆಗಲೇಬೇಕಾದ ಕೆಲಸಗಳಲ್ಲಿ ಒಂದನ್ನಾದರೂ ನೆರೆಯವರೊಡನೆ ಕೂಡಿ ಮಾಡಿದರೆ ಸಾಕು.

ನೀರಿನಿಂದಲೇ ಆರಂಭಿಸಬಹುದು. ಬೆಂಗಳೂರಿಗೆ ಕಾವೇರಿಯ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲೆತ್ತಿ. ಯೋಜನೆಯ ಮೊದಲ ಹಂತ 1974ರಲ್ಲಿ ಪೂರ್ಣವಾಯಿತು. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದೇ 2024ರ ಮಾರ್ಚಿಯಲ್ಲಿ ಕೊಳವೆ ಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಬೇಕಾಯಿತು. ಕ್ಷಣಕ್ಕೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ 86,400 ಹನಿ ಚೆಲ್ಲುತ್ತದೆ. ಹನಿಗೆ ಕಾಲು ಮಿಲಿಲೀಟರ್ ಎಂದಿಟ್ಟುಕೊಂಡರೂ ಅದು 21 ಲೀಟರಿಗೆ ಮಿಗಿಲು. ಹತ್ತಿಪ್ಪತ್ತು ರೂಪಾಯಿಯ ವಾಷರು, ಒಂದು ಸ್ಪ್ಯಾನರು ಇದ್ದರೆ ಈ ನಷ್ಟ ನಿಲ್ಲುತ್ತದೆ. ಸ್ಪ್ಯಾನರು ನಿಮ್ಮಲ್ಲಿಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳಿರಿ. ನಿಮ್ಮಲ್ಲಿದ್ದರೆ ಅವರ ನಲ್ಲಿಯನ್ನೂ ಒಮ್ಮೆ ವಿಚಾರಿಸಿರಿ.

ಎರಡನೆಯದು ತಾರಸಿ. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಸುಣ್ಣ ಬಳಿದ ತಾರಸಿಯ ಕೆಳಗಿನ ಕೋಣೆ ತಂಪಾಗಿರುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ತಾರಸಿಯನ್ನು ಗುಡಿಸಿ, ನೀರು ಚಿಮುಕಿಸಿ, ಸಂಜೆಯ ಹೊತ್ತು ತೆಳುವಾಗಿ ಎರಡು ಸಲ ಬಳಿಯಿರಿ. ಸುಣ್ಣ ಅರಳುವಾಗ ಕುದಿದು ಸಿಡಿಯುವುದರಿಂದ ಕಣ್ಣಿನ ವಿಷಯದಲ್ಲಿ ಎಚ್ಚರವಿರಲಿ; ಮಕ್ಕಳನ್ನು ದೂರವಿಡಿರಿ. ಎರಡು ಮನೆಯವರು ಸೇರಿದರೆ ಎರಡೂ ತಾರಸಿಗಳು ಒಂದೇ ಭಾನುವಾರದಲ್ಲಿ ಮುಗಿಯುತ್ತವೆ.

ಮೂರನೆಯದು ಸಂಡಿಗೆ. ವಠಾರದ ಅಥವಾ ಅಪಾರ್ಟ್‌ಮೆಂಟಿನ ತಾರಸಿಯ ಬೀಗವನ್ನು ಒಂದು ದಿನದ ಮಟ್ಟಿಗೆ ತೆಗೆಸಿರಿ. ಎಲ್ಲ ಮನೆಗಳವರನ್ನೂ ಕರೆಯಿರಿ, ಯಾರನ್ನೂ ಮೆಟ್ಟಿಲಲ್ಲಿ ನಿಲ್ಲಿಸಬೇಡಿರಿ. ಹಿಟ್ಟು ಕಾಸುವುದನ್ನು ಗಂಡಸರಿಗೆ ವಹಿಸಿರಿ. ಗಂಟಾಗದಂತೆ ತಿರುವುವುದು ಎಷ್ಟು ಕಷ್ಟವೆಂಬುದು ಅವರಿಗೂ ತಿಳಿಯಲಿ. ಕಾಗೆ ಕಾಯಲು ಮನೆಯ ಹಿರಿಯರನ್ನು ಕುರ್ಚಿ ಹಾಕಿ ಕೂರಿಸಿರಿ. ಆ ದಿನದ ಮಟ್ಟಿಗೆ ಅವರಷ್ಟು ಬೇಕಾದವರು ಬೇರೆ ಯಾರೂ ಇರುವುದಿಲ್ಲ.

ಯುಗಾದಿಯ ಹೊತ್ತಿಗೆ ಹೊಂಗೆಯ ಮರಗಳು ಹೊಸ ಚಿಗುರು ಹೊತ್ತು ನಿಲ್ಲುತ್ತವೆ. ಬಿಸಿಲು ಏರುತ್ತದೆ, ಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ಜನರು ಪಂಖದ ಕೆಳಗೆ ಸೇರಿಕೊಳ್ಳುತ್ತಾರೆ. ಅದಕ್ಕೆ ಇನ್ನೂ ಕೆಲವು ವಾರಗಳಿವೆ. ಅಷ್ಟರಲ್ಲಿ ಯಾರದಾದರೂ ಬಾಗಿಲು ತಟ್ಟಿ, ಜರಡಿಯನ್ನೋ ಜಾಡಿಯನ್ನೋ ಒಂದು ದಿನದ ಮಟ್ಟಿಗೆ ಕೇಳಿ ತನ್ನಿರಿ. ಹಿಂದಿರುಗಿಸುವಾಗ ಬರಿಗೈಯಲ್ಲಿ ಹೋಗದೆ ನಾಲ್ಕು ಸಂಡಿಗೆ ಕಟ್ಟಿಕೊಂಡು ಹೋಗಿರಿ.