ಮದುವೆ ಸೀಸನ್‌ಗೆ ಮಿರರ್‌ಲೆಸ್: ಕಡಿಮೆ ರೇಟಿನದು ಸಾಕಾ, ಮೇಲಿನದೇ ಬೇಕಾ?

ಭಾಲ್ಕಿಯಲ್ಲೋ ಔರಾದ್‌ನಲ್ಲೋ ಹೊಸದಾಗಿ ಸ್ಟುಡಿಯೊ ಹಾಕೋ ಹುಡುಗರು ಸಾಲ ಎತ್ತೋ ಮೊದಲು ಯೋಚಿಸಬೇಕಾದ ಪ್ರಶ್ನೆ ಇದು. ಹೋಲಿಕೆಗೆ ಕ್ಯಾನನ್‌ನ ಎರಡು ಸಣ್ಣ ಮಿರರ್‌ಲೆಸ್ ಕ್ಯಾಮೆರಾ ಇಟ್ಟುಕೊಳ್ಳೋಣ: 2023ರಲ್ಲಿ ಬಂದ ಆರ್50, 2022ರಲ್ಲಿ ಬಂದ ಆರ್7. ಆರ್50 ಆರಂಭದವರಿಗೆ, ಆರ್7 ಮೇಲಿನ ದರ್ಜೆ. ಎರಡಕ್ಕೂ ಅವೇ ಲೆನ್ಸ್ ಕೂರುತ್ತವೆ, ಸೆನ್ಸರ್ ಅಳತೆಯೂ ಒಂದೇ.

ಬೀದರ್ ಬಿಸಿಲಲ್ಲಿ ಮಹಮೂದ್ ಗವಾನ್ ಮದರಸಾದ ಮಿನಾರ್ ತೆಗೆದು ಮೊಬೈಲ್‌ನಲ್ಲಿ ನೋಡಿದರೆ ಯಾವ ಫೋಟೊ ಯಾವ ಕ್ಯಾಮೆರಾದ್ದು ಅಂತ ಹೇಳೋದು ಕಷ್ಟ. ಒಂದರಲ್ಲಿ 24.2, ಇನ್ನೊಂದರಲ್ಲಿ 32.5 ಮೆಗಾಪಿಕ್ಸೆಲ್, ಮದುವೆ ಆಲ್ಬಮ್‌ಗೆ 24 ಧಾರಾಳ. ಕಣ್ಣು ಹುಡುಕಿ ಫೋಕಸ್ ಹಿಡಿಯೋದು ಎರಡಕ್ಕೂ ಗೊತ್ತು. ಹಂಗಾದ್ರೆ ಹೆಚ್ಚಿನ ದುಡ್ಡು ಯಾತಕ್ಕ?

ಮುಖ್ಯವಾಗಿ ಮೆಮೊರಿ ಕಾರ್ಡಿಗೆ. ಆರ್50ಯಲ್ಲಿ ಕಾರ್ಡ್ ಜಾಗ ಒಂದೇ. ಆರ್7ರಲ್ಲಿ ಎರಡು, ಒಂದೇ ಫೋಟೊ ಎರಡರಲ್ಲೂ ಬರೆಯುವಂತೆ ಸೆಟ್ ಮಾಡಬಹುದು. ಅಕ್ಕಿಕಾಳು ಬೀಳೋದು ಒಂದೇ ಸಲ ನೋಡ್ರಿ. ಆ ಹೊತ್ತಿಗೆ ಕಾರ್ಡ್ ಕೆಟ್ಟರೆ ಬೀಗರ ಮುಂದೆ ಏನು ಹೇಳ್ತೀರಿ? ದುಡ್ಡು ತಗೊಂಡು ಮದುವೆ ತೆಗೆಯೋರಿಗೆ ನನ್ನ ಪ್ರಕಾರ ಇದೊಂದೇ ಕಾರಣ ಸಾಕು.

ಎರಡನೆಯದು ಕೈ ಅಲುಗಾಟ. ಅಷ್ಟೂರಿನ ಅಹ್ಮದ್ ಶಾ ವಲಿ ಗೋರಿಯೊಳಗೆ ಗೋಡೆ, ಗುಮ್ಮಟದ ಚಿತ್ರಗಳಿವೆ, ಬೆಳಕು ಕಮ್ಮಿ. ಶಟರ್ ನಿಧಾನಕ್ಕೆ ಇಳಿಸಲೇಬೇಕು. ಆರ್7ರಲ್ಲಿ ಸೆನ್ಸರೇ ಅಲುಗಿ ಕೈ ನಡುಕ ಸರಿದೂಗಿಸುತ್ತದೆ. ಆರ್50ಯಲ್ಲಿ ಆ ಏರ್ಪಾಡಿಲ್ಲ, ಲೆನ್ಸ್‌ನಲ್ಲಿದ್ದರಷ್ಟೇ ಉಂಟು. ಜನ ಕೊಳ್ಳುವ 50 ಎಂಎಂ ಎಫ್/1.8 ಲೆನ್ಸ್‌ನಲ್ಲಿ ಅದು ಇಲ್ಲ. ಆದರೆ ಕುಣಿಯುವವರ ಮುಂದೆ ಈ ಸೌಲಭ್ಯ ಕೆಲಸಕ್ಕೆ ಬಾರದು. ಅದು ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಅವರ ಕಾಲನ್ನಲ್ಲ.

ಅಂಗಡಿಯವರು ಹೇಳೋದು ಮರೆಯಬಹುದಾದ ಮಾತೊಂದಿದೆ. ಮನೆಯಲ್ಲಿರುವ ಕ್ಯಾನನ್‌ನ ಹಳೆ ಫ್ಲಾಷ್ ಆರ್50ಯಲ್ಲಿ ನೇರವಾಗಿ ಕೆಲಸ ಮಾಡೋದಿಲ್ಲ. ಎಡಿ-ಇ1 ಎಂಬ ಅಡಾಪ್ಟರ್ ಬೇಕು. ಬ್ಯಾಟರಿಯೂ ಅಷ್ಟೆ: 1040 ಎಂಎಎಚ್‌ನದು, ಆರ್7ರದ್ದು 2130. ಅರಿಶಿಣದಿಂದ ಬೀಳ್ಕೊಡುಗೆ ತನಕ ಅಂದ್ರೆ ಆರ್50ಗೆ ಮೂರು ನಾಲ್ಕು ಬ್ಯಾಟರಿ ಜೇಬಲ್ಲಿರಲಿ.

ಇನ್ನು ಬೀದರ್ ಸುತ್ತಲಿನ ಬಯಲಿನ ಕೃಷ್ಣಮೃಗ. ಆರ್7 ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆಕೆಂಡಿಗೆ 30 ಫೋಟೊ ಅಂತ ಜಾಹೀರಾತು. ಮರುಳಾಗಬೇಡಿ, ಆ ವೇಗದಲ್ಲಿ ಓಡುವ ಪ್ರಾಣಿಯ ಕಾಲು ಸೊಟ್ಟ ಬರಬಹುದು. ಮೆಕ್ಯಾನಿಕಲ್ ಶಟರ್‌ನ 15 ಬೇಕಾದಷ್ಟಾಯಿತು.

ಆನ್‌ಲೈನ್‌ನಲ್ಲಿ ಮಾರಲು ಬಿದ್ರಿ ಸಾಮಾನಿನ ಫೋಟೊ ತೆಗೆಯೋರಿಗೆ ಮಾತ್ರ ಆರ್7 ಬ್ಯಾಡ. ಕಪ್ಪು ಲೋಹದ ಮೇಲೆ ಬೆಳ್ಳಿ ಹೊಳೆಯೋದು ಬೆಳಕಿನಿಂದ. ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ, ಕ್ಯಾಮೆರಾ ಸ್ಟ್ಯಾಂಡ್ ಮೇಲಿಡಿ, ಆರ್50 ಸಾಕು.