ಬೆಳಕಿನ ಹಿಂದೆ ಬರುವ ಸದ್ದು



ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ನೀರು ಹಾಯಿಸಲು ಹೋಗುವವರು ನಿಮ್ಮಲ್ಲಿ ಬಹಳ ಜನ. ಒಮ್ಮೆ ನಾನೂ ಹೋಗಿದ್ದೆ. ತಲೆಯ ಮೇಲೆ ಸರ್ರನೆ ಬೆಳಕು ಹಾದು, ನನ್ನದೇ ನೆರಳು ಬದುವಿನ ಮೇಲೆ ಓಡಿಹೋಯಿತು. ಕೈಯಲ್ಲಿದ್ದ ಸಲಿಕೆ ಬಿಟ್ಟು ನಿಂತುಬಿಟ್ಟೆ. ಬೆಳಗಾದರೆ ಮೂರು ಊರಿನವರೂ ಅದು ತಮ್ಮೂರ ಕೆರೆಯಾಚೆಗೇ ಬಿತ್ತೆನ್ನುತ್ತಿದ್ದರು!

ನಾವು 'ಚಿಕ್ಕಿ ಬಿತ್ತು' ಅನ್ನುತ್ತೇವೆ, ಮರಾಠಿಯವರು 'ತಾರಾ ತುಟಲಾ' ಅನ್ನುತ್ತಾರೆ. ಚಿಕ್ಕಿ ಬೀಳುವುದಿಲ್ಲ. ಸಾಮಾನ್ಯ ಉಲ್ಕೆಯೆಂದರೆ ಮರಳಿನ ಕಾಳಿನಷ್ಟು ಚೂರು. ಅದಕ್ಕಿಂತ ದೊಡ್ಡದು ಬಂದು ಶುಕ್ರನನ್ನೂ ಮೀರಿ ಬೆಳಗಿದರೆ ಅದನ್ನು ಅಗ್ನಿಗೋಳ ಎನ್ನುತ್ತಾರೆ. ವೇಗವೋ, ಸೆಕೆಂಡಿಗೆ 11ರಿಂದ 72 ಕಿಲೋಮೀಟರ್. ಮುಂದಿನ ಗಾಳಿಗೆ ಸರಿಯಲು ವೇಳೆಯೇ ಸಿಗದೆ ಒತ್ತಿಹೋಗಿ ಕಾಯುತ್ತದೆ. ಸೈಕಲ್ ಪಂಪು ಹೊಡೆದಾಗ ಅದರ ಬುಡ ಬಿಸಿಯಾಗುವುದಿಲ್ಲವೇ, ಹಾಗೆ. ಇದೆಲ್ಲ ನಡೆಯುವುದು ಹತ್ತಾರು ಕಿಲೋಮೀಟರ್ ಮೇಲೆ. ಆದ್ದರಿಂದಲೇ ಮೂರೂ ಊರಿಗೆ ಅದು ಹತ್ತಿರ ಕಂಡದ್ದು.

ಈಗ ಮುಖ್ಯ ಮಾತು. 2013ರ ಫೆಬ್ರುವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಬಳಿ, ಸುಮಾರು 20 ಮೀಟರ್ ಅಗಲದ ಕಲ್ಲೊಂದು ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಏನಿದು ಬೆಳಕು ಎಂದು ಜನ ಕಿಟಕಿಗೆ ಓಡಿಬಂದರು. ಬೆಳಕು ಆರಿತು, ಎಲ್ಲ ಮುಗಿಯಿತು ಅಂದುಕೊಂಡರು. ಎರಡು ನಿಮಿಷ ಕಳೆದ ಮೇಲೆ ಗಾಳಿಯ ಹೊಡೆತ ಬಂತು. ಸುಮಾರು 1500 ಮಂದಿ ಚಿಕಿತ್ಸೆಗೆ ಹೋಗಬೇಕಾಯಿತು. ಹೆಚ್ಚಿನವರಿಗೆ ತಾಗಿದ್ದು ಕಿಟಕಿಯ ಗಾಜು. ಸದ್ದಿಗೆ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಲೆಕ್ಕ ನೀವೇ ಹಾಕಿ. ಅಂಥ ಕಣ್ಣು ಕೋರೈಸುವ ಬೆಳಕು ಕಂಡರೆ ಮಕ್ಕಳನ್ನು ಕರೆದುಕೊಂಡು ಗಾಜಿನಿಂದ ದೂರ ಸರಿಯಿರಿ, ಐದಾರು ನಿಮಿಷ ಹಾಗೇ ಇರಿ.

ಹೊಳೆದದ್ದೆಲ್ಲ ಉಲ್ಕೆಯೂ ಅಲ್ಲ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಆಕಾಶದಲ್ಲಿ ಕಂಡದ್ದು ಚೀನಾ ರಾಕೆಟ್ಟಿನ ತುಂಡುಗಳೆಂದು ತಜ್ಞರು ಗುರುತಿಸಿದರು. ಚಂದ್ರಪುರ ಜಿಲ್ಲೆಯಲ್ಲಿ ದೊಡ್ಡ ಲೋಹದ ಬಳೆಯೇ ಬಿದ್ದಿತ್ತು. ಉಲ್ಕೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ರಾಕೆಟ್ಟಿನ ಚೂರುಗಳು ದಿಬ್ಬಣದ ಹಾಗೆ ಸಾಲಾಗಿ, ನಿಧಾನವಾಗಿ ಸಾಗುತ್ತವೆ. ಅಂಥ ಲೋಹ ಹೊಲದಲ್ಲಿ ಸಿಕ್ಕರೆ ಮುಟ್ಟಬೇಡಿ, ಗುಜರಿಗೂ ಹಾಕಬೇಡಿ, ಪೊಲೀಸರಿಗೆ ತಿಳಿಸಿ.

ಅಂದು ನನಗೆ ಸದ್ದು ಕೇಳಿಸಿತೇ ಎಂದು ಕೇಳುವಿರಾ? ಬ್ಯಾಂಕಿನಲ್ಲಿ ಜನ್ಮವಿಡೀ ಎಣಿಸಿದವನು ಅಂದು ಸೆಕೆಂಡು ಎಣಿಸಲಿಲ್ಲ. ಪಕ್ಕದಲ್ಲಿ ಪಂಪ್‌ಸೆಟ್ ಬೇರೆ ಓಡುತ್ತಿತ್ತು.